ಕಾಪಿಯ ಕಾಪಿ

ದೇವಿಂದ್ರ ತೀರಿಕೊಂಡ ಮೇಲೆ ಅವನ ಧ್ವನಿ ಉಳಿದದ್ದು ಕ್ಯಾಸೆಟ್ಟಿನಂತೆ ಹಾಡು ತುಂಬಿಸುವ ಒಂದು ಸಣ್ಣ ಮಿನಿಡಿಸ್ಕಿನಲ್ಲಿ ಮಾತ್ರ. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ರೆಕಾರ್ಡರ್ ತಂದು, ತಾನು ಹಾಡುತ್ತಿದ್ದ ತತ್ವಪದಗಳನ್ನು ಶಹಾಪುರದ ಮನೆಯಲ್ಲೇ ಕೂತು ತುಂಬಿಸಿದ್ದ. ಅಸಲಿ ಡಿಸ್ಕನ್ನು ಕೊಡೇಕಲ್ಲಿನ ಗೆಳೆಯನೊಬ್ಬ ಒಯ್ದು ಕಳೆದುಬಿಟ್ಟಿದ್ದ. ಹೆಂಡತಿ ಪರಿಮಳಾಳ ಹತ್ತಿರ ಇದ್ದದ್ದು ಅದರ ಕಾಪಿ. ಗಂಡ ಹೋದಂದಿನಿಂದ ಅವಳು ಅದನ್ನು ಹಚ್ಚಿ ಕೇಳಿರಲಿಲ್ಲ.

ಗೋಗಿಯಲ್ಲಿದ್ದ ನಾದಿನಿ ಶೇಖಮ್ಮ ಫೋನ್ ಮಾಡಿದಾಗಲೆಲ್ಲ, “ವೈನಿ, ಅಣ್ಣನ ಹಾಡು ನನಗೂ ಒಂದು ಕಾಪಿ ಮಾಡಿಸಿ ಕೊಡ್ರಿ” ಅನ್ನುತ್ತಿದ್ದಳು. ಕೊನೆಗೆ ಪರಿಮಳಾ ರೇಡಿಯೊ ರಿಪೇರಿಯ ಸುಲ್ತಾನಸಾಬನ ಅಂಗಡಿಗೆ ಹೋದಳು. ಅವನು ಎರಡು ಮಷೀನು ಜೋಡಿಸಿ ನೋಡಿ, ವೈರು ಕಿತ್ತಿಟ್ಟ.

“ಆಗೂದಿಲ್ರಿ ಅಕ್ಕಾರ. ಅಸಲಿಯಿಂದ ಕಾಪಿ ಮಾಡಾಕ ಬಿಡ್ತದ, ಕಾಪಿಯಿಂದ ಮತ್ತೊಂದು ಕಾಪಿ ಮಾಡಾಕ ಬಿಡೂದಿಲ್ಲ. ಯಾರೂ ಹಾಡು ಕದೀಬಾರದಂತ ಮಷೀನಿನ್ಯಾಗ ಬೀಗ ಹಾಕ್ಯಾರ.”

“ಹಾಡಿದವ್ರು ನಮ್ಮ ಮನಿಯವ್ರ ಅಲ್ರಿ?”

“ಅದಕ್ಕೇನ್ ಗೊತ್ತರಿ?” ಎಂದ ಸುಲ್ತಾನಸಾಬ ಡಿಸ್ಕನ್ನು ಅವಳ ಕೈಗಿಟ್ಟು, “ಹಿಂಗ ಮಾಡ್ರಿ. ಮನ್ಯಾಗ ಸ್ಪೀಕರಿಗೆ ಹಚ್ಚಿ, ಮುಂದ ಮೊಬೈಲ್ ಇಟ್ಟು ರೆಕಾರ್ಡ್ ಮಾಡ್ರಿ. ನಡುವ ಮಾತಾಡಬ್ಯಾಡ್ರಿ, ಅದೂ ಬರ್ತದ” ಎಂದ.

ಭಾನುವಾರ ಮಧ್ಯಾಹ್ನ ಅವಳು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಡಿಸ್ಕ್ ಹಚ್ಚಿ, ಮೊಬೈಲ್ ಮುಂದಿಟ್ಟು ಕೂತಳು. ಬೆವರು ಇಳಿಯುತ್ತಿತ್ತು. ದೇವಿಂದ್ರ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದ. ಎರಡು ತತ್ವಪದ ಮುಗಿಯುವವರೆಗೂ ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ಏಕತಾರಿ ಕೆಳಗಿಟ್ಟ ಸದ್ದು. ಅದರ ಹಿಂದೆಯೇ ಅವನ ಕೂಗು:

“ಪರಿಮಳಾ, ಚಾ ಮಾಡ್ತಿ ಏನು?”

“ಮಾಡಾಕತ್ತೇನಿ, ತಡೀರಿ” ಅಂದುಬಿಟ್ಟಳು.

ಅವಳು ಆಗಲೇ ಅಡುಗೆಮನೆಯ ಕಡೆಗೆ ಎದ್ದು ನಿಂತಿದ್ದಳು. ಡಿಸ್ಕಿನಲ್ಲಿ ಉತ್ತರವಿರಲಿಲ್ಲ. ಅವನು ಹಾಡು ತುಂಬಿಸಿದ ದಿನ ಅವಳು ನೀರಿಗೆ ಹೋಗಿದ್ದಿರಬೇಕು. ದೇವಿಂದ್ರ ಸ್ವಲ್ಪ ಕಾದು, ಮುಂದಿನ ಪದ ಎತ್ತಿಕೊಂಡ. ಅವಳು ನಿಂತಲ್ಲೇ ನಿಂತು ಕೊನೆಯವರೆಗೂ ಕೇಳಿದಳು. ಇನ್ನೊಮ್ಮೆ ಹಚ್ಚುವ ಧೈರ್ಯವಾಗಲಿಲ್ಲ. ಮೊಬೈಲಿನಲ್ಲಿ ಬಂದದ್ದನ್ನು ಹಾಗೆಯೇ ಶೇಖಮ್ಮನಿಗೆ ಕಳಿಸಿದಳು.

ಸಂಜೆ ಫೋನ್ ಬಂತು. ಶೇಖಮ್ಮ ಅತ್ತಿದ್ದಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

“ವೈನಿ, ಅಣ್ಣ ಚಾ ಕೇಳ್ಯಾನ, ನೀವು ಮಾಡಾಕತ್ತೇನಿ ಅಂದೀರಿ. ಅವತ್ತು ನೀವೂ ಅಲ್ಲೇ ಇದ್ರೇನು?”

ಪರಿಮಳಾಳಿಗೆ ನಿಜ ಹೇಳಬೇಕೆನಿಸಿತು.

“ಹೂನವ್ವಾ,” ಅಂದಳು, “ಅಲ್ಲೇ ಇದ್ದೆ.”