ಹಲ್ಲು ಕಿತ್ತ ಗುರುವಾರ

ಬೆಳಿಗ್ಗೆ ಹತ್ತಕ್ಕೆ ಮೊದಲ ಮೇಲ್ ವಾಪಸ್ ಬಂತು. ಹತ್ತೂವರೆಗೆ ಹನ್ನೊಂದು ಮೇಲ್‌ಗಳಾದವು. ಮಧ್ಯಾಹ್ನದ ಹೊತ್ತಿಗೆ ಎಣಿಸುವುದನ್ನೇ ಬಿಟ್ಟಿದ್ದರು. ಎದುರಿನವರ ಬಾಗಿಲ ತನಕ ಹೋಗಿ, ಕತ್ತು ಹಿಡಿದು ನೂಕಿಸಿಕೊಂಡು, ಒಂದೊಂದೇ ಮೇಲ್ ಮುಖ ಬಾಡಿಸಿಕೊಂಡು ಹಿಂದಿರುಗುತ್ತಿತ್ತು.

ಔಷಧಿ ಸಾಗಿಸುವ ಆ ಕಂಪನಿಯ ಮೂರನೇ ಮಹಡಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವನಿಗೆ ಆಫೀಸಿನವರು ಬೆನ್ನ ಹಿಂದೆ ಇಟ್ಟ ಹೆಸರು ಗುಡುಗು. ಮಳೆ ಬರಲಿ ಬಿಡಲಿ, ಸದ್ದಿಗೆ ಮಾತ್ರ ಬರವಿಲ್ಲ ಎಂದು. ಹದಿನೆಂಟು ವರ್ಷದಿಂದ ಆ ಸರ್ವರನ್ನು ಮಗುವಿನ ಹಾಗೆ ಸಾಕಿದ್ದ. ಅದರ ಫ್ಯಾನಿನ ಸದ್ದು ಚೂರು ಬದಲಾದರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಈಗ ಅದೇ ಸರ್ವರ್ ಊರೆಲ್ಲರ ಮುಂದೆ ಅವನ ಮಾನ ಕಳೆಯುತ್ತಿತ್ತು. ಕೋಪ ನೆತ್ತಿಗೇರಿದಾಗಲೆಲ್ಲ ಅವನ ನಾಲಿಗೆ ಬಲಗಡೆಯ ದವಡೆಯ ಖಾಲಿ ಜಾಗವನ್ನು ತಡಕುತ್ತಿತ್ತು. ಅಲ್ಲಿದ್ದ ಹುಳುಕು ಹಲ್ಲನ್ನು ಹಿಂದಿನ ಗುರುವಾರವಷ್ಟೇ ಕೀಳಿಸಿದ್ದ.

ಇವತ್ತು ಬೆಳಿಗ್ಗೆಯೇ ಹಳೇ ಇಂಟರ್‌ನೆಟ್ ಲೈನ್ ಕಡಿದು ಹೊಸ ಲೈನಿಗೆ ಹೊರಳಿದ್ದರು. ಗುಡುಗು ಮೊದಲು ಲೈನಿನವರನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡ. ಲೈನ್ ಗಟ್ಟಿಮುಟ್ಟಾಗಿದೆ ಎಂದು ಅವರು ಪರೀಕ್ಷೆ ಮಾಡಿ ತೋರಿಸಿದರು. ಹಾಗಾದರೆ ಉಳಿದದ್ದು ಒಂದೇ. ಮೇಲ್ ಹೋಗಬೇಕಾದವರ ವಿಳಾಸಗಳ ಪಟ್ಟಿಯನ್ನು ಲೈನ್ ಬದಲಿಸುವಾಗ ಸರ್ವರಿಗೆ ಹೊಸದಾಗಿ ಇಳಿಸಿದವಳು ಅವನ ಸಹಾಯಕಿ. ಸಹಾಯಕಿ ಎಂದರೆ ಬೇರೆ ಯಾರೂ ಅಲ್ಲ, ಅವನ ಒಡಹುಟ್ಟಿದ ತಮ್ಮನ ಮಗಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ‘ದೊಡ್ಡಪ್ಪನ ಬಾಲ ಹಿಡಿದು ಬಂದವಳು’ ಎಂದು ಯಾರೂ ಅನ್ನಬಾರದೆಂದು ಗುಡುಗು ಅವಳಿಗೆ ಉಳಿದವರಿಗಿಂತ ಒಂದು ಪಾಲು ಹೆಚ್ಚೇ ಬೈಯುತ್ತಿದ್ದ.

ಹನ್ನೊಂದಕ್ಕೆ ಮ್ಯಾನೇಜರಮ್ಮ ಕರೆಸಿದ್ದರು. ಅವರ ದನಿ ಮೆತ್ತಗೆ. ಬೈಯುವಾಗ ಇನ್ನೂ ಮೆತ್ತಗೆ.

“ಬಂದರಿನ ಗೇಟಲ್ಲಿ ನಮ್ಮ ಲಾರಿ ನಿಂತಿದೆ. ತುಂಬ ಇನ್ಸುಲಿನ್. ಬಿಡುಗಡೆ ಪತ್ರ ನಮ್ಮ ಕಂಪನಿ ವಿಳಾಸದಿಂದಲೇ ಮೇಲ್ ಆಗಿ ಹೋಗ್ಬೇಕು. ಬೇರೆ ದಾರಿ ಒಪ್ಪೋದಿಲ್ಲ ಅವರು. ನಾಲ್ಕಕ್ಕೆ ಅವರ ಆಫೀಸ್ ಮುಚ್ಚಿದ್ರೆ ಮತ್ತೆ ಮೂರು ದಿನ ರಜೆ, ತೆಗೆಯೋದಿಲ್ಲ. ಯಾರು ಮಾಡಿದ್ದು ಇದು?”

“ಪಟ್ಟಿ ಮುಟ್ಟಿದ್ದು ಅವಳೇ ಮೇಡಂ,” ಎಂದ ಗುಡುಗು. “ನನ್ನ ತಮ್ಮನ ಮಗಳು ಅಂತ ನಾನು ಮುಲಾಜು ನೋಡೋನಲ್ಲ.”

“ಯೋಚನೆ ಮಾಡಿ ಹೇಳ್ತಿದೀರಾ? ಇದಕ್ಕೆ ಒಬ್ಬರು ಕೆಲಸ ಬಿಡ್ಬೇಕಾಗುತ್ತೆ.”

“ತಪ್ಪು ಮಾಡಿದೋರು ಅನುಭವಿಸ್ಲಿ.”

ಹೊರಗೆ ಬಂದಾಗ ತಮ್ಮನ ಮಗಳು ಬೌನ್ಸ್ ಆಗಿ ವಾಪಸ್ ಬಂದ ಮೇಲ್‌ಗಳ ಪ್ರಿಂಟ್ ಹಿಡಿದು ಕಾಯುತ್ತಿದ್ದಳು.

“ದೊಡ್ಡಪ್ಪ, ಒಂದು ನಿಮಿಷ...”

“ಇಲ್ಲಿ ದೊಡ್ಡಪ್ಪ ಗಿಡ್ಡಪ್ಪ ಯಾರೂ ಇಲ್ಲ. ಸರ್ ಅನ್ನು.”

“ಸರ್. ವಿಳಾಸಗಳು ಸರಿ ಇವೆ. ಹಳೇ ಪಟ್ಟಿ ಜೊತೆ ಒಂದೊಂದೇ ತಾಳೆ ನೋಡ್ದೆ. ಈ ಬೌನ್ಸ್ ಮೆಸೇಜ್‌ನ ಕೊನೇವರೆಗೂ ಓದಿದ್ರೆ...”

“ಏನು ಓದೋದು? ಐನೂರ ಐವತ್ತು ಅಂತ ಬಂದಿದೆ. ಐನೂರ ಐವತ್ತು ಅಂದ್ರೆ ಆ ವಿಳಾಸದಲ್ಲಿ ಅಂಥವರು ಇಲ್ಲ ಅಂತ. ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗಿಂದ ನೋಡ್ತಿದೀನಿ ಈ ನಂಬರ್‌ನ.”

“ಅದೊಂದೇ ಕಾರಣಕ್ಕೆ ಬರೋದಲ್ಲ ಸರ್ ಅದು. ಕೆಲವರಿಗೆ ಮೇಲ್ ಹೋಗ್ತಿದೆ, ಕೆಲವರಿಗೆ ಹೋಗ್ತಿಲ್ಲ. ವಿಳಾಸ ತಪ್ಪಿದ್ರೆ ಹೀಗೆ...”

“ನೋಡ್ರಪ್ಪ, ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಿದೆ!” ಎಂದು ಗುಡುಗು ಇಡೀ ಮಹಡಿಗೆ ಕೇಳುವಂತೆ ಕೂಗಿದ. “ಹೋಗು, ನಿನ್ನ ಪಟ್ಟಿ ಮತ್ತೆ ನೋಡು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಹೇಳಿದಾರಾ?”

ಕಿಟಕಿಯ ಬದಿಯ ಟೇಬಲ್‌ಗಳಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು. ಪ್ರಿಂಟುಗಳನ್ನು ಮಡಿಚಿಕೊಂಡು ಹೋದಳು.

ಹೆಚ್ಚುಕಡಿಮೆ ನಾಲ್ಕು ತಾಸು ಪಟ್ಟಿಯಲ್ಲೇ ಕಳೆದುಹೋಯಿತು. ಗುಡುಗು ತಾನೇ ಕೂತು ಒಂದೊಂದು ಅಕ್ಷರ ನೋಡಿದ. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ತಪ್ಪು ಸಿಗದಿದ್ದಷ್ಟೂ ಅವಳ ಮೇಲಿನ ಸಿಟ್ಟು ಏರುತ್ತಿತ್ತು. ಎಲ್ಲಿ ಬಚ್ಚಿಟ್ಟಿದ್ದಾಳೋ ಎನ್ನುವ ಹಾಗೆ. ಮೂರು ಹೊಡೆದಾಗ ಮ್ಯಾನೇಜರಮ್ಮನಿಂದ ಅವಳಿಗೆ ಕರೆ ಬಂತು. ಅವಳು ಎದ್ದಳು. ಹೋಗುವ ದಾರಿಯಲ್ಲಿ ಒಂದು ಹಳದಿ ಚೀಟಿಯನ್ನು ಅವನ ಪರದೆಯ ಅಂಚಿಗೆ ಅಂಟಿಸಿ, ಮುಖ ನೋಡದೆ ಗಾಜಿನ ಕೋಣೆಯೊಳಗೆ ಹೋದಳು. ಗುಡುಗು ಅದನ್ನು ಕಿತ್ತು ಮುದುರಿ ಬಿಸಾಡಿದ.

ಫೋನ್ ಹೊಡೆದುಕೊಂಡಿತು. ಲಾರಿಯ ಡ್ರೈವರ್.

“ಸಾರ್, ಆ ನಿಮ್ಮ ಪತ್ರ ನಡ್ಕೊಂಡು ಬರ್ತಿದೆಯಾ ಹೇಗೆ?”

“ಬರುತ್ತೆ, ಇರಯ್ಯ.”

“ಬೆಳಿಗ್ಗೆಯಿಂದ ಇದೇ ಹೇಳ್ತಿದೀರಿ. ಎಂಜಿನ್ ನಿಲ್ಸಿದ್ರೆ ಹಿಂದಿನ ಫ್ರಿಜ್ಜೂ ನಿಲ್ಲುತ್ತೆ. ಡೀಸೆಲ್ ಮುಳ್ಳು ಆಗ್ಲೇ ಕೆಂಪಿಗೆ ಬಿದ್ದಿದೆ. ಗೇಟಿನವನು ಬೀಗದ ಕೈ ಬೆರಳಲ್ಲಿ ತಿರುಗಿಸ್ತಾ ನನ್ನನ್ನೇ ನೋಡ್ತಿದಾನೆ, ಅಳಿಯನ್ನ ನೋಡೋ ಮಾವನ ಥರ.”

ಗುಡುಗು ಫೋನ್ ಇಟ್ಟ. ಗಾಜಿನಾಚೆ ಮ್ಯಾನೇಜರಮ್ಮ ಒಂದು ಹಾಳೆಯನ್ನು ಅವಳ ಮುಂದೆ ಸರಿಸುತ್ತಿದ್ದರು. ಅವಳು ತಲೆ ಅಲ್ಲಾಡಿಸುತ್ತಿದ್ದಳು. ತಪ್ಪು ನನ್ನದು, ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ ಎಂದು ಬರೆದುಕೊಡುವ ಹಾಳೆ ಅದು. ಈ ಕಂಪನಿಯಲ್ಲಿ ಹಾಗೆಯೇ ಕಳಿಸುವುದು.

ಬೇರೆ ದಾರಿ ಕಾಣದೆ ಅವನು ಬಗ್ಗಿ ಟೇಬಲಿನ ಕೆಳಗಿನಿಂದ ಚೀಟಿಯನ್ನು ಎತ್ತಿ ಬಿಡಿಸಿದ. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಮೊದಲ ನಂಬರಿಗೇ ನಿಲ್ಲಬೇಡಿ. ಸಾಲಿನ ಕೊನೆಯಲ್ಲಿದೆ: ಈ ಯಂತ್ರಕ್ಕೆ ನಿಮ್ಮ ಕಂಪನಿಯ ಹೆಸರಿನಲ್ಲಿ ಮೇಲ್ ಕಳಿಸುವ ಅನುಮತಿ ಇಲ್ಲ. ಡೊಮೇನ್ ಆಫೀಸಿನ ಪಟ್ಟಿ ಒಮ್ಮೆ ಓದಿಸಿ ಕೇಳಿ.’

ಅವನ ಕೈ ನಿಂತಿತು. ಕಂಪನಿಯ ಹೆಸರು ನೋಂದಾಯಿಸಿರುವ ಡೊಮೇನ್ ಆಫೀಸಿನಲ್ಲಿ ಒಂದು ಪಟ್ಟಿ ಇರುತ್ತದೆ. ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ನಂಬರಿನ ಯಂತ್ರಕ್ಕೆ ಹಕ್ಕಿದೆ ಎಂದು. ಎದುರಿನವರು ಆ ಪಟ್ಟಿ ನೋಡುತ್ತಾರೆ. ನಂಬರ್ ಅದರಲ್ಲಿ ಇಲ್ಲದಿದ್ದರೆ, ಯಾರೋ ಕಳ್ಳ ನಮ್ಮ ಹೆಸರು ಹೇಳಿಕೊಂಡು ಬಂದಿದ್ದಾನೆಂದು ಓಡಿಸುತ್ತಾರೆ. ಕೆಲವರು ನೋಡುವುದಿಲ್ಲ, ಒಳಗೆ ಬಿಡುತ್ತಾರೆ. ಹೊಸ ಲೈನಿನ ನಂಬರನ್ನು ಆ ಪಟ್ಟಿಗೆ ಸೇರಿಸಲು ಹೇಳಿದ್ದು ಗುರುವಾರ. ಹೇಳಿದ್ದು ಅವನೇ. “ಬರೆದು ಕಳಿಸೋಣ ಸರ್” ಎಂದು ಅವಳು ಅಂದಿದ್ದಳು. “ಬಾಯಲ್ಲಿ ಹೇಳೋದನ್ನ ಬರೀತಾ ಕೂತ್ರೆ ಆಯ್ತು” ಎಂದು ಅವನೇ ಫೋನ್ ಎತ್ತಿಕೊಂಡಿದ್ದ.

ಮೂರು ಇಪ್ಪತ್ತೈದಕ್ಕೆ ಡೊಮೇನ್ ಆಫೀಸಿನ ಗುಮಾಸ್ತ ಸಿಕ್ಕ.

“ಹೊಸ ನಂಬರ್ ಇದೆ ಸರ್ ಪಟ್ಟಿಲಿ. ಕೊನೇ ಭಾಗ ಎಪ್ಪತ್ತೇಳು.”

“ಏನು?”

“ಎಪ್ಪತ್ತೇಳು ಸರ್.”

“ಇಪ್ಪತ್ತೇಳು ರೀ ಅದು! ಎರಡು, ಏಳು! ಯಾವ ಕಿವುಡ ರೀ ಬರ್ಕೊಂಡಿದ್ದು?”

ಆ ಕಡೆ ಪುಟ ತಿರುವಿದ ಸದ್ದು ಕೇಳಿಸಿತು.

“ನಾನೇ ಸರ್. ಗುರುವಾರ ಮಧ್ಯಾಹ್ನ ನೀವೇ ಫೋನ್ ಮಾಡಿದ್ರಿ. ಬಾಯಲ್ಲಿ ಏನೋ ತುಂಬ್ಕೊಂಡು ಮಾತಾಡ್ದಂಗೆ ಕೇಳ್ತಿತ್ತು. ಇಪ್ಪತ್ತಾ ಎಪ್ಪತ್ತಾ ಅಂತ ಎರಡು ಸಲ ಕೇಳ್ದೆ. ‘ಕಿವಿಗೆ ಸೀಸ ಹುಯ್ಕೊಂಡಿದೀಯೇನೋ’ ಅಂತ ಬೈದ್ರಿ. ಮೂರನೇ ಸಲ ಕೇಳೋಕೆ ಧೈರ್ಯ ಬರ್ಲಿಲ್ಲ ಸರ್.”

ಗುಡುಗಿನ ನಾಲಿಗೆ ದವಡೆಯ ಖಾಲಿ ಜಾಗಕ್ಕೆ ಹೋಗಿ ಅಲ್ಲೇ ನಿಂತಿತು. ಅಂದು ಅಲ್ಲಿ ಹತ್ತಿ ತುರುಕಿಕೊಂಡು ನೇರ ಆಫೀಸಿಗೆ ಬಂದಿದ್ದ. ತುಟಿ ಮರಗಟ್ಟಿತ್ತು. ಅವನು ಇಪ್ಪತ್ತೇಳು ಎಂದದ್ದು ಅವನ ತಲೆಯೊಳಗೆ ಮಾತ್ರ ಇಪ್ಪತ್ತೇಳಾಗಿತ್ತು.

“ತಿದ್ದಿ,” ಎಂದ. ಅಷ್ಟು ಮೆತ್ತಗಿನ ದನಿ ತನ್ನದೆಂದು ಅವನಿಗೇ ನಂಬಿಕೆಯಾಗಲಿಲ್ಲ. “ಎಷ್ಟು ಹೊತ್ತು ಬೇಕು ಎಲ್ಲ ಕಡೆ ಗೊತ್ತಾಗೋಕೆ? ಒಂದು ದಿನವಾ?”

“ಇಲ್ಲ ಸರ್. ಎದುರಿನವರ ಯಂತ್ರಗಳು ಪಟ್ಟಿನ ಹತ್ತು ನಿಮಿಷಕ್ಕೊಮ್ಮೆ ಹೊಸದಾಗಿ ನೋಡೋ ಹಾಗೆ ಇಟ್ಟಿದೀವಿ. ಅದನ್ನೂ ನೀವೇ ಹೇಳಿದ್ರಿ.”

ಹೇಳಿದ್ದ. ಆದರೆ ಅದು ಅವನ ಮಾತಾಗಿರಲಿಲ್ಲ. ‘ತಪ್ಪಾದ್ರೆ ಬೇಗ ತಿದ್ದೋಕಾಗುತ್ತೆ ಸರ್, ಹತ್ತು ನಿಮಿಷಕ್ಕೆ ಇಳಿಸೋಕೆ ಹೇಳಿ’ ಎಂದು ಅವಳು ಬೆನ್ನು ಬಿದ್ದಿದ್ದಳು. ಪೀಡೆ ತೊಲಗಲಿ ಎಂದು ಹೇಳಿದ್ದ.

ಮೂರು ಮೂವತ್ತೊಂದು. ಕಾಯಬೇಕು. ಗಾಜಿನಾಚೆ ಅವಳ ಕೈಯಲ್ಲಿ ಈಗ ಪೆನ್ನಿತ್ತು. ಎದ್ದು ಹೋಗಿ ಹೇಳಲು ಹತ್ತು ಹೆಜ್ಜೆ. ಗುಡುಗು ಎದ್ದ. ಮೊದಲು ಮೇಲ್ ಹೋಗಲಿ, ಕೆಲಸ ಮುಖ್ಯ ಎಂದುಕೊಂಡು ಮತ್ತೆ ಕೂತ. ಕೆಲಸದ ಹೆಸರಿನಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಅವಳ ಪಟ್ಟಿಯಲ್ಲಿದ್ದ ತಪ್ಪು ತಿದ್ದಿದೆ ಎಂದರೆ ಮುಗಿಯಿತು. ಗುಮಾಸ್ತ ಇಲ್ಲಿಗೆ ಬಂದು ಸಾಕ್ಷಿ ಹೇಳುವುದಿಲ್ಲ. ತಮ್ಮನಿಗೂ ತಿಳಿಯುವುದಿಲ್ಲ. ಅವಳು ಇನ್ನೂ ಚಿಕ್ಕವಳು, ಬೇರೆ ಕೆಲಸ ಸಿಗುತ್ತದೆ. ಐವತ್ತೆರಡರಲ್ಲಿ ತನಗೆ ಯಾರು ಕೊಡುತ್ತಾರೆ?

ಮೂರು ನಲವತ್ತೆರಡಕ್ಕೆ ಪತ್ರ ಕಳಿಸಿದ. ಅರ್ಧ ನಿಮಿಷದಲ್ಲಿ ಮತ್ತೆ ವಾಪಸ್. ಈ ಸಲ ಕೊನೆಯವರೆಗೂ ಓದಿದ. ಅದೇ ಮಾತು, ಅನುಮತಿ ಇಲ್ಲ. ಬಂದರಿನವರ ಯಂತ್ರ ಇನ್ನೂ ಹಳೇ ಪಟ್ಟಿಯನ್ನೇ ಹಿಡಿದು ಕೂತಿತ್ತು. ಮೂರು ನಲವತ್ತಾರು. ಮತ್ತೆ ಕಳಿಸಿದ. ಒಂದು ನಿಮಿಷ. ಎರಡು. ವಾಪಸ್ ಬರಲಿಲ್ಲ. ಮೂರು ಐವತ್ತಮೂರಕ್ಕೆ ಫೋನ್ ಹೊಡೆದುಕೊಂಡಿತು.

“ಮಾವ ಒಪ್ಪಿದ ಸಾರ್! ಗೇಟ್ ತೆಗ್ದ!” ಡ್ರೈವರನ ಮಾತಿನ ಹಿಂದೆ ಲಾರಿ ಗೇರಿಗೆ ಬಿದ್ದ ಸದ್ದು ಕೇಳಿಸಿತು.

ಮಹಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗುಡುಗು ಗಾಜಿನ ಕೋಣೆಯ ಬಾಗಿಲು ತೆಗೆದ. ಹಾಳೆಯ ಕೆಳಗೆ ಸಹಿ ಬಿದ್ದಾಗಿತ್ತು.

“ಸರಿಯಾಯ್ತಂತೆ. ಒಳ್ಳೇದಾಯ್ತು,” ಎಂದರು ಮ್ಯಾನೇಜರಮ್ಮ. “ಇವಳ ಪಟ್ಟಿದೇ ತೊಂದರೇನಾ?”

ಅವರೇ ಬಾಗಿಲು ತೆಗೆದುಕೊಟ್ಟಿದ್ದರು. ಹೂಂ ಎಂದರೆ ಸಾಕಿತ್ತು. ಅವಳು ತಲೆ ಎತ್ತಿ ಅವನ ಕೈಯನ್ನು ನೋಡಿದಳು. ಮುದುರಿದ ಹಳದಿ ಚೀಟಿ ಇನ್ನೂ ಅವನ ಮುಷ್ಟಿಯಲ್ಲಿತ್ತು.

“ಅಲ್ಲ,” ಎಂದ ಗುಡುಗು. “ಇವಳದ್ದಲ್ಲ ತಪ್ಪು. ಡೊಮೇನ್ ಆಫೀಸಿನ ಪಟ್ಟಿಗೆ ನಂಬರ್ ಹೇಳಿದ್ದು ನಾನು. ಬಾಯಲ್ಲಿ ಹತ್ತಿ ಇಟ್ಕೊಂಡು ಹೇಳ್ದೆ. ಅಲ್ಲಿನ ಗುಮಾಸ್ತ ಇಪ್ಪತ್ತನ್ನ ಎಪ್ಪತ್ತು ಅಂತ ಬರ್ಕೊಂಡ. ಪಾಪ, ಎರಡು ಸಲ ಕೇಳ್ದ. ನಾನು ಬೈದೆ. ಇವಳೂ ಬೆಳಿಗ್ಗೆಯಿಂದ ಹೇಳ್ತಾನೇ ಇದ್ಳು. ಅವಳಿಗೂ ಬೈದೆ!”

“ಬಾಗಿಲು ಹಾಕ್ಕೊಳಿ, ಮೆಲ್ಲಗೆ ಹೇಳಿ. ಎಲ್ಲರಿಗೂ ಕೇಳುತ್ತೆ.”

“ಕೇಳ್ಲಿ ಮೇಡಂ! ಬೆಳಿಗ್ಗೆ ಬೈದಿದ್ದೂ ಎಲ್ಲರಿಗೂ ಕೇಳಿತ್ತು!” ಅವನ ದನಿಗೆ ಗಾಜು ಅದುರಿತು. “ಆ ಹಾಳೆ ಅವಳಿಗೆ ಕೊಡಿ. ನನಗೆ ಬೇರೆ ಒಂದು ಹಾಳೆ ಕೊಡಿ.”

ಮ್ಯಾನೇಜರಮ್ಮ ಸಹಿ ಮಾಡಿದ ಹಾಳೆಯನ್ನು ಅವಳ ಕಡೆ ಸರಿಸಿದರು. “ನಿಮ್ಮ ವಿಚಾರ ನಾಳೆ ಮಾತಾಡೋಣ,” ಎಂದರು, ಹಿಂದೆಂದಿಗಿಂತಲೂ ಮೆತ್ತಗೆ.

ಹೊರಗೆ ಬಂದ ಮೇಲೆ ಅವನು ಅವಳಿಗಾಗಿ ಮೆಟ್ಟಿಲ ಬಳಿ ನಿಂತ. ಅವಳು ಹಾಳೆಯನ್ನು ಹರಿಯುತ್ತಾಳೆಂದು ಕಾದ. ಅವಳು ಅದನ್ನು ನಾಲ್ಕಾಗಿ ಮಡಿಚಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು.

“ಪುಟ್ಟಿ,” ಎಂದ. ಮನೆಯಲ್ಲಿ ಕರೆಯುವ ಹೆಸರು ಆಫೀಸಿನಲ್ಲಿ ಅವನ ಬಾಯಿಗೆ ಬಂದದ್ದು ಅದೇ ಮೊದಲು.

“ವಾಪಸ್ ಬಂದಿರೋ ಮೇಲ್‌ಗಳನ್ನೆಲ್ಲ ಮತ್ತೆ ಕಳಿಸ್ಬೇಕು,” ಎಂದಳು ಅವಳು. “ನಾನು ಶುರು ಮಾಡ್ತೀನಿ, ಸರ್.”