ನೆಪವಿಲ್ಲ, ಫಸ್ಟ್ ಸಾರ್ಜೆಂಟ್

ಬಂದೂಕು ಕೈಗೆ ಕೊಡುವ ಮೊದಲೇ ಅಮೆರಿಕದ ಸೈನ್ಯ ತನ್ನ ಹುಡುಗರಿಗೆ ಒಂದು ಉತ್ತರವನ್ನು ಬಾಯಿಪಾಠ ಮಾಡಿಸುತ್ತದೆ. ಹಾಸಿಗೆ ಯಾಕೆ ಸುಕ್ಕಾಗಿದೆ? "ನೆಪವಿಲ್ಲ, ಸಾರ್ಜೆಂಟ್." ಓಟಕ್ಕೆ ಯಾಕೆ ತಡ? "ನೆಪವಿಲ್ಲ, ಸಾರ್ಜೆಂಟ್." ನೀರು ಚೆಲ್ಲಿದವನು ಪಕ್ಕದವನಾದರೂ ಅದೇ ಉತ್ತರ. ಕಾರಣ ವಿವರಿಸಲು ಹೋದ ಜಾಣನಿಗೆ ಐವತ್ತು ದಂಡ ಹೊಡೆಯುವ ಶಿಕ್ಷೆ. ಐಸಾಯಾ ಫೊನೊಟಿ ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದ. ಅದೇ ಈಗ ಅವನ ಕುತ್ತಿಗೆಗೆ ಬಂದಿತ್ತು.

ಟೆಕ್ಸಾಸ್‌ನ ಫೋರ್ಟ್ ಹ್ಯಾಲ್ಬರ್ಟನ್‌ನಲ್ಲಿ ಅವನ ತುಕಡಿಯ ಉಗ್ರಾಣದಿಂದ ಕತ್ತಲಲ್ಲೂ ನೋಡಲು ಬಳಸುವ ಎರಡು ದುರ್ಬೀನು ಕಾಣೆಯಾಗಿದ್ದವು. ಆ ವಾರ ಕೀಲಿ ಇದ್ದದ್ದು ಐಸಾಯಾನ ಬಳಿ. ತುಕಡಿಯ ಹಿರಿಯ, ಇಪ್ಪತ್ತೆರಡು ವರ್ಷ ಸೇವೆಯ ಫಸ್ಟ್ ಸಾರ್ಜೆಂಟ್ ಪ್ರುಯಿಟ್ ಅವನನ್ನು ಕರೆಸಿ ಬಾಗಿಲು ಹಾಕಿದರು.

"ಕೀಲಿ ನಿನ್ನ ಹತ್ರ ಇತ್ತು. ಮಾಲು ಇಲ್ಲ. ಏನಂತೀಯ?"

"ನೆಪವಿಲ್ಲ, ಫಸ್ಟ್ ಸಾರ್ಜೆಂಟ್."

"ಅಂದ್ರೆ ಇದು ನಿನ್ನಿಂದಾನೇ ಆಗಿದ್ದು?"

"ಹೌದು, ಫಸ್ಟ್ ಸಾರ್ಜೆಂಟ್."

ಪ್ರುಯಿಟ್ 'ಒಪ್ಪಿಕೊಂಡಿದ್ದಾನೆ' ಎಂದು ಬರೆದರು. ಇವನು ಕೆಳಗೆ ಸಹಿ ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಳ್ಳತನದ ಆರೋಪ, ಸೈನಿಕ ನ್ಯಾಯಾಲಯ, ಸಾಬೀತಾದರೆ ವರ್ಷಗಟ್ಟಲೆ ಜೈಲು. ಅಮೆರಿಕಕ್ಕೆ ಸೇರಿದ ಸಮೋವಾ ದ್ವೀಪದ ಅವನ ಹಳ್ಳಿಯಲ್ಲಿ ಮನೆಗೊಬ್ಬ ಸೈನಿಕನಿದ್ದಾನೆ, ಜೈಲಿಗೆ ಹೋದವನು ಒಬ್ಬನೂ ಇಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದಳು: "ಪಾದ್ರಿಗಳು ನಿನಗೋಸ್ಕರ ಪ್ರಾರ್ಥನೆ ಮಾಡ್ತಿದಾರೆ ಕಣಪ್ಪ. ಕಾಯಿಲೆ ಅಂತ ಹೇಳಿದೀನಿ."

ವಕೀಲರನ್ನು ಸೈನ್ಯವೇ ಬಿಟ್ಟಿಯಾಗಿ ಕೊಟ್ಟಿತ್ತು. ಕ್ಯಾಪ್ಟನ್ ವಿಟೇಕರ್, ಸಮವಸ್ತ್ರದಲ್ಲಿದ್ದ ಗಿಡ್ಡ ಹೆಂಗಸು. ಐಸಾಯಾನಿಗೆ ನಂಬಿಕೆ ಬರಲಿಲ್ಲ.

"ಸರ್ಕಾರದ ಅನ್ನ ತಿಂದು ಸರ್ಕಾರದ ವಿರುದ್ಧಾನೇ ಮಾತಾಡ್ತೀರಾ, ಮೇಡಂ?"

"ಅದಕ್ಕೇ ಕಣಯ್ಯ ನನಗೆ ಸಂಬಳ. ನಿನ್ನ ಕಮಾಂಡರ್ ನನಗೆ ಬಾಸ್ ಅಲ್ಲ. ನೀನು ಹೇಳಿದ್ದು ಈ ರೂಮು ದಾಟಲ್ಲ." ಆಕೆ ಅವನ ಸಹಿಯಿದ್ದ ಕಾಗದ ಮುಂದಿಟ್ಟರು. "ಅವತ್ತು ನಿನ್ನ ಮೇಲೇ ಅನುಮಾನ ಇತ್ತು ಅಂದ್ರೆ, ಏನು ಆರೋಪ ಅಂತ ಮೊದಲು ಹೇಳ್ಬೇಕಿತ್ತು. ಬಾಯಿ ಬಿಡ್ಬೇಕಾಗಿಲ್ಲ, ಬಿಟ್ರೆ ನಿನ್ನ ವಿರುದ್ಧಾನೇ ಬಳಸ್ತೀವಿ ಅಂತಾನೂ ಹೇಳ್ಬೇಕಿತ್ತು. ಹೇಳಿದ್ರಾ?"

"ಇಲ್ಲ, ಮೇಡಂ. ಆದ್ರೆ ಫಸ್ಟ್ ಸಾರ್ಜೆಂಟ್ ಕೇಳಿದ್ಮೇಲೆ ಸುಮ್ನಿರಕ್ಕಾಗತ್ತಾ?"

"ಅದಕ್ಕೇ ಈ ಕಾನೂನು ಇರೋದು. ಆದ್ರೆ 'ಅನುಮಾನ ಇರ್ಲಿಲ್ಲ, ಎಲ್ಲರನ್ನೂ ಕೇಳೋ ಹಾಗೆ ಕೇಳ್ದೆ' ಅಂತ ಪ್ರುಯಿಟ್ ಅಂದ್ಬಿಟ್ರೆ ನಿನ್ನ ಕಾಗದ ಹಾಗೇ ನಿಲ್ಲತ್ತೆ."

ಎಲ್ಲವೂ ಆ ಒಬ್ಬ ಹಿರಿಯನ ನಾಲಗೆಯ ಮೇಲೆ ನಿಂತಿತು. ಮುಂದಿನ ವರ್ಷ ನಿವೃತ್ತಿಯಾಗುವವರು ತಮ್ಮ ತಪ್ಪನ್ನು ತಾವೇ ಯಾಕೆ ಒಪ್ಪಿಕೊಳ್ಳುತ್ತಾರೆ?

ವಿಚಾರಣೆಯ ದಿನ ಪ್ರುಯಿಟ್ ಎದೆತುಂಬ ಪದಕ ಧರಿಸಿ ಸಾಕ್ಷಿಯ ಕುರ್ಚಿಯಲ್ಲಿ ಕುಳಿತರು.

"ಫೊನೊಟಿಯನ್ನ ಕರೆಸಿದಾಗ ನಿಮಗೆ ಯಾರ ಮೇಲೆ ಅನುಮಾನ ಇತ್ತು?" ವಿಟೇಕರ್ ಕೇಳಿದರು.

ಪ್ರುಯಿಟ್ ಐಸಾಯಾನ ಕಡೆಗೊಮ್ಮೆ ನೋಡಿದರು.

"ಅವನೊಬ್ಬನ ಮೇಲೇ. ಕರೆಸೋಕೆ ಮುಂಚೇನೇ ಕಮಾಂಡರಿಗೆ ಹೆಸರು ಹೇಳಿದ್ದೆ."

"ಉತ್ತರ ಕೊಡ್ಬೇಕಾಗಿಲ್ಲ ಅಂತ ಅವನಿಗೆ ಹೇಳಿದ್ರಾ?"

"ಇಲ್ಲ, ಮೇಡಂ."

ಸರ್ಕಾರಿ ವಕೀಲ ಎದ್ದು, ಬಾಗಿಲಿಗೆ ಚಿಲಕ ಹಾಕಿರಲಿಲ್ಲವಲ್ಲ, ಬೇಡವಾಗಿದ್ದರೆ ಅವನು ಹೊರಗೆ ನಡೆಯಬಹುದಿತ್ತಲ್ಲ ಎಂದ. ಪ್ರುಯಿಟ್‌ಗೆ ನಗು ಬಂತು. "ನನ್ನ ರೂಮಿಂದ ಹೇಳ್ದೆ ಕೇಳ್ದೆ ಎದ್ದು ಹೋಗೋ ಸೈನಿಕ ಇನ್ನೂ ಹುಟ್ಟಿಲ್ಲ, ಸರ್."

ನ್ಯಾಯಾಧೀಶರು ಕನ್ನಡಕ ತೆಗೆದರು. "ನಿಮ್ಮ ತುಕಡೀಲಿ 'ನೆಪವಿಲ್ಲ' ಅಂದ್ರೆ ಏನರ್ಥ?"

"ನನ್ನ ಕಾವಲಲ್ಲಿ ಆಗಿದೆ, ಜವಾಬ್ದಾರಿ ನಂದು ಅಂತ. ನಾನೇ ಮಾಡ್ದೆ ಅಂತ ಅಲ್ಲ, ಸರ್." ಅವರ ಧ್ವನಿ ಕುಗ್ಗಿತು. "ಹಾಗೆ ಹೇಳೋದನ್ನ ನೂರಾರು ಹುಡುಗರಿಗೆ ಕಲಿಸಿದವನು ನಾನು. 'ಒಪ್ಪಿಕೊಂಡಿದ್ದಾನೆ' ಅಂತ ಬರೆಯುವಾಗ ಅದು ನೆನಪಾಗ್ಲಿಲ್ಲ. ನೆನಪು ಮಾಡ್ಕೊಳ್ಳೋ ಮನಸ್ಸೂ ಇರ್ಲಿಲ್ಲ."

ಆ ಕಾಗದವನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪಿತ್ತರು. ಸರ್ಕಾರದ ಬಳಿ ಬೇರೇನೂ ಇರಲಿಲ್ಲ. ಉಗ್ರಾಣಕ್ಕೆ ಇನ್ನೊಂದು ಕೀಲಿಯೂ ಇತ್ತು; ಅದು ಯಾರ ಬಳಿ ಇತ್ತೆಂದು ಅಲ್ಲಿಯವರೆಗೆ ಒಬ್ಬರೂ ವಿಚಾರಿಸಿರಲಿಲ್ಲ. ಹತ್ತು ದಿನದಲ್ಲಿ ಆರೋಪವನ್ನು ಹಿಂದಕ್ಕೆ ಪಡೆದರು. ಐಸಾಯಾ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತ.

ಮರುದಿನ ಕೆಲಸಕ್ಕೆ ಬಂದವನನ್ನು ಪ್ರುಯಿಟ್ ಕರೆಸಿದರು. ಈ ಸಲ ಬಾಗಿಲು ತೆರೆದೇ ಇತ್ತು.

"ಒಂದು ಮಾತು ಕೇಳ್ತೀನಿ, ಫೊನೊಟಿ. ಉತ್ತರ ಕೊಡ್ಬೇಕಾಗಿಲ್ಲ. ವಕೀಲರನ್ನ ಕೇಳ್ಕೊಂಡು ಬರ್ತೀನಿ ಅಂದ್ರೂ ಸರಿ. ಆ ದುರ್ಬೀನು ನೀನು ತಗೊಂಡ್ಯಾ?"

ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ನೇರವಾಗಿ ಕೇಳಿರಲೇ ಇಲ್ಲ.

"ಇಲ್ಲ," ಎಂದ ಐಸಾಯಾ. "ನಾನು ತಗೊಂಡಿಲ್ಲ."