ಕುಣಿಯದ ರಾಣಿ

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಬಿಳಗಿಯ ಕೆರಿಯಪ್ಪನಿಗೆ ಒಂದು ದೊಡ್ಡ ಕಷ್ಟ ಬಂದಿತ್ತು. ಯಕ್ಷಗಾನದ ವಿಷಯದಲ್ಲಿ ಅವನು ಏನು ಹೇಳಿದರೂ ಜನ ಹೌದು ಹೌದು ಎನ್ನುತ್ತಿದ್ದರು. ಇದೂ ಒಂದು ಕಷ್ಟವೇ ಎಂದು ನೀವು ಮೂಗು ಮುರಿಯಬಹುದು. ಆಟದ ಹುಚ್ಚು ಹಿಡಿದವರ ಜೊತೆ ಒಂದು ವಾರ ಇದ್ದು ನೋಡಿ, ಆಮೇಲೆ ಮಾತಾಡೋಣ. ಆಟ ನೋಡುವುದು ಅರ್ಧ ಸುಖ, ಮಾರನೆಯ ದಿನ ಅದರ ಮೇಲೆ ಜಗಳ ಆಡುವುದು ಇನ್ನರ್ಧ. ಆ ಇನ್ನರ್ಧ ಕೆರಿಯಪ್ಪನ ಕೈತಪ್ಪಿ ಒಂಬತ್ತು ವರ್ಷವಾಗಿತ್ತು.

ಮೊದಲು ಹಾಗಿರಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ವಾನಳ್ಳಿಯ ವಿಘ್ನೇಶ್ವರ ಹೆಗಡೆಯವರು ಸಂಜೆ ಐದಕ್ಕೆ ಕೆಲಸ ಬಿಟ್ಟರೆ ಐದೂ ಹತ್ತಕ್ಕೆ ಕೆರಿಯಪ್ಪನ ಅಂಗಡಿಯ ಬೆಂಚಿನ ಮೇಲೆ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಯಾವ ಮೇಳಕ್ಕೆ ಯಾರು ಸೇರಿದರು, ಯಾವ ಭಾಗವತರ ಪದ್ಯಕ್ಕೆ ಯಾರ ಚಂಡೆ ಹೊಂದುತ್ತದೆ, ಯಾವ ವೇಷವನ್ನು ಯಾರಿಗೆ ಕೊಟ್ಟು ಯಜಮಾನರು ಆಟ ಕೆಡಿಸಿದರು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಮೇಳದವರಿಗೆ ಈ ತೀರ್ಮಾನ ಒಂದೂ ತಲುಪುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ತೀರ್ಮಾನವಾಗದೆ ಉಳಿದದ್ದು ಒಂದೇ. ‘ರತ್ನಶೀಲೆ’ ಪ್ರಸಂಗದ ರಾಣಿಯ ಪಾತ್ರಕ್ಕೆ ಶಿರಗೋಡು ಮಾಬ್ಲ ಹೆಚ್ಚೋ, ನೇರಲಗುಂಡಿ ಹೊನ್ನ ಹೆಚ್ಚೋ? ಇಬ್ಬರೂ ಸ್ತ್ರೀವೇಷದಲ್ಲಿ ಹೆಸರಾದವರು. ಗಂಡ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ ಭಾಗವತರು ರಾಣಿಗೆ ಮೂರು ಪದ್ಯ ಹಾಡುತ್ತಾರೆ. ಮಾಬ್ಲ ಆ ಮೂರಕ್ಕೂ ರಂಗಸ್ಥಳ ಪುಡಿಯಾಗುವ ಹಾಗೆ ಕುಣಿದು, ಮಂಡಿಯೂರಿ ಗಿರಗಿರ ತಿರುಗಿ, ಜನರನ್ನು ಅಳಿಸಿಬಿಡುತ್ತಿದ್ದ. ಹೊನ್ನ ಮೊದಲ ಪದ್ಯಕ್ಕೆ ಕುಣಿಯುತ್ತಲೇ ಇರಲಿಲ್ಲ. ಕೈಬಳೆಯನ್ನು ಮೆಲ್ಲಗೆ ತಿರುಗಿಸುತ್ತ ನಿಂತಿರುತ್ತಿದ್ದ, ಅಷ್ಟೇ. ಕೆರಿಯಪ್ಪ ಮಾಬ್ಲನ ಕಡೆ, ಹೆಗಡೆಯವರು ಹೊನ್ನನ ಕಡೆ.

“ನಿಂತ್ಕಂಡಿದ್ದೇ ತೋರ್ಸೂದಾದ್ರೆ ವೇಷ ಎಂತಕ್ಕೆ ಹೆಗಡೇರೆ? ಒಂದು ಲೈಟ್ ಕಂಬ ನಿಲ್ಸಿದ್ರೆ ಸಾಕಲ್ಲ” ಎಂದು ಕೆರಿಯಪ್ಪ ಕತ್ತರಿ ಆಡಿಸುತ್ತಲೇ ಕೆಣಕುತ್ತಿದ್ದ.

“ಗಂಡ ಸತ್ತ ಸುದ್ದಿ ಕೇಳಿದವಳು ತಕಥೈ ಅಂತ ಕುಣೀತಾಳೇನೋ ಕೆರಿಯಾ? ನಿಂಗೆ ಎದೆ ಇಲ್ಲ, ಬರೀ ಕಣ್ಣಿದೆ” ಎಂದು ಹೆಗಡೆಯವರು ಬೆಂಚು ಕುಟ್ಟುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಹೆಗಡೆಯವರು ಬಂದು ಕೂತರು. ಕೆರಿಯಪ್ಪನೇ ಶುರುಮಾಡಿದ. “ಎಂತ ಸಪ್ಪಗಿದೀರಿ? ನಿಮ್ಮ ಹೊನ್ನ ನಿಂತಲ್ಲೇ ಬೇರು ಬಿಟ್ನ? ಅಂವ ಬದುಕಿದ್ರೂ ಒಂದೇ, ಸತ್ರೂ ಒಂದೇ. ಅಲ್ಲಾಡೂದಂತೂ ಇಲ್ಲ.” ಅಂಗಡಿಯಲ್ಲಿದ್ದ ಗಿರಾಕಿಗಳು ಗೊಳ್ಳೆಂದರು. ಹೆಗಡೆಯವರು ಎದ್ದು ಹೋದರು. ಹೊನ್ನ ಅಂದು ಮಧ್ಯಾಹ್ನವೇ ತೀರಿಕೊಂಡಿದ್ದ ಎಂಬುದು ಕೆರಿಯಪ್ಪನಿಗೆ ಗೊತ್ತಾದದ್ದು ಮಾರನೆಯ ದಿನದ ಪತ್ರಿಕೆ ನೋಡಿದಾಗ.

ಹೋಗಿ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅಂಚೆ ಕಚೇರಿ ಇದ್ದದ್ದು ಅಂಗಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ. ಮೊದಲ ವಾರ ನಾಚಿಕೆಯಾಯಿತು. ಎರಡನೆಯ ವಾರ, ಇಷ್ಟು ವರ್ಷದ ಸ್ನೇಹಕ್ಕೆ ಒಂದು ಮಾತು ಹೆಚ್ಚಾಯಿತೇ ಎಂದು ಸಿಟ್ಟು ಬಂತು. ಆಮೇಲೆ ಏನೆಂದು ಹೋಗುವುದು ಎಂಬುದೇ ತಿಳಿಯದಾಯಿತು. ಎದುರಿಗೆ ಬಂದರೆ ಇಬ್ಬರೂ ರಸ್ತೆ ಬದಲಿಸಿದರು. ಮೂರು ವರ್ಷ ಕಳೆದು ಹೆಗಡೆಯವರು ನಿವೃತ್ತರಾಗಿ, ಮಗಳು ಸಂಹಿತಾ ಶಿಕ್ಷಕಿಯಾಗಿದ್ದ ವಜ್ರಳ್ಳಿಗೆ ಹೋಗಿಬಿಟ್ಟರು. ಈ ಕೆರಿಯಪ್ಪನ ಕೊಬ್ಬಿಗೆ ಏನನ್ನಬೇಕೋ ನನಗಂತೂ ತಿಳಿಯದು.

ಆಮೇಲೂ ಅವನು ಆಟ ತಪ್ಪಿಸಲಿಲ್ಲ. ಒಳ್ಳೆಯ ಪದ್ಯ ಬಂದಾಗ ಅಭ್ಯಾಸಬಲದಿಂದ, ಹೆಗಡೆಯವರು ಕೂರುತ್ತಿದ್ದ ಎಡಗಡೆಗೆ ತಿರುಗುತ್ತಿದ್ದ. ಅಲ್ಲಿ ಯಾರೋ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿರುತ್ತಿದ್ದರು.

ಹೋದ ವರ್ಷ ಕೆರಿಯಪ್ಪನ ಹೆಂಡತಿ ಸುಬ್ಬಿ ತೀರಿಕೊಂಡಳು. ವರ್ಷದ ಕಾರ್ಯ ಮುಗಿದ ವಾರ ಅವನು ಅಂಗಡಿಗೆ ಬೀಗ ಹಾಕಿ ಶಿರಸಿಗೆ ಒಂದು ಬಸ್ಸು, ಯಲ್ಲಾಪುರಕ್ಕೆ ಇನ್ನೊಂದು, ಅಲ್ಲಿಂದ ಮತ್ತೊಂದು ಹಿಡಿದು ವಜ್ರಳ್ಳಿಗೆ ಹೊರಟ. ಹೆಗಡೆಯವರಿಗೆ ಹೇಳಬೇಕಾದ ಮಾತೊಂದಿತ್ತು, ಬೇರೆ ಯಾರಿಗೆ ಹೇಳಿದರೂ ನಗುವಂಥದ್ದು. ಅವರು ಕೇಳಿಸಿಕೊಳ್ಳುತ್ತಾರೋ, ತನ್ನ ಜೊತೆ ಮತ್ತೆ ಜಗಳಕ್ಕೆ ಕೂರುತ್ತಾರೋ ಎಂಬ ಚಿಂತೆಯಲ್ಲಿ ಮೂರು ಬಸ್ಸಿನಲ್ಲೂ ಕಣ್ಣು ಮುಚ್ಚಲಿಲ್ಲ.

ಬಾಗಿಲು ತೆಗೆದ ಸಂಹಿತಾ ಒಂದು ಕ್ಷಣ ನೋಡಿ ಒಳಗೆ ಕೂಗಿದಳು. “ಅಪ್ಪಯ್ಯಾ, ಯಾರು ಬೈಂದೊ ನೋಡು.”

ಹೆಗಡೆಯವರು ಸೊರಗಿದ್ದರು. ಕನ್ನಡಕದ ಗಾಜು ದಪ್ಪವಾಗಿತ್ತು. “ಓ, ಕೆರಿಯಪ್ಪನವರಾ? ಬನ್ನಿ, ಕೂತ್ಕಳಿ. ಎಲ್ಲ ಆರಾಮಾ?” ಎಂದರು. ಜಾತಕ ತಂದವರನ್ನು ಕೂರಿಸಿ ಮಾತಾಡಿಸುವ ಹಾಗಿತ್ತು ಅದು.

ಚಹಾ ಬಂತು. ಕೆರಿಯಪ್ಪ ನೇರವಾಗಿ ಹೇಳಲಾರದೆ ಹಳೆಯ ದಾರಿಯನ್ನೇ ಹಿಡಿದ. “ಶಿರಸೀಲಿ ಈ ಸಲ ರತ್ನಶೀಲೆ ಆಡ್ತಾರಂತೆ. ರಾಣಿ ಪಾತ್ರಕ್ಕೆ ಹೊಸಬರು. ಭಾಗವತ್ರು ಮಾತ್ರ ಹಳಬ್ರು. ಹೊಂದ್ತದನಾ ಅದು?”

“ಹೊಂದಬಹುದು.”

“ಚಂಡೆ ಏನು ಜೋರು ಅಂತೀರಿ ಈಗ, ಪದ್ಯನೇ ಕೇಳೂದಿಲ್ಲ.”

“ಹೌದು, ಹೌದು.”

ಒಂದೊಂದು ಹೌದೂ ಕೆರಿಯಪ್ಪನಿಗೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಕೊನೆಗೆ, ಈ ಮಾತಿಗಾದರೂ ಎದ್ದು ನಿಲ್ಲದಿದ್ದರೆ ಇವರು ಹೆಗಡೆಯವರೇ ಅಲ್ಲ ಎಂದುಕೊಂಡು, “ಏನೇ ಹೇಳಿ, ಮಾಬ್ಲನಂಥವ್ರು ಇನ್ನು ಬರೂದಿಲ್ಲ” ಎಂದ.

ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು. “ಖರೆ. ಮಾಬ್ಲನೇ ದೊಡ್ಡವ. ನೀವು ಹೇಳ್ತಿದ್ದಿದ್ದೇ ಸರಿ.”

ಇಪ್ಪತ್ತೆರಡು ವರ್ಷ ಬಾಯಿ ಒಣಗಿಸಿಕೊಂಡರೂ ಸಿಗದಿದ್ದ ಗೆಲುವು ಹೀಗೆ ಚಹಾದ ಜೊತೆ ಸಿಕ್ಕಿಬಿಟ್ಟಿತು. ಕೆರಿಯಪ್ಪನಿಗೆ ಅಳು ಬಂತು. ಇನ್ನು ಈ ಮನೆಯಲ್ಲಿ ತನಗೆ ಕೆಲಸವಿಲ್ಲ, ಲೋಟ ಕೆಳಗಿಟ್ಟು ಏಳುವುದೊಂದೇ ಬಾಕಿ ಅನ್ನಿಸಿತು. ಲೋಟ ಕೆಳಗಿಟ್ಟ. ಆದರೆ ಏಳಲಿಲ್ಲ.

“ಸರಿ ಅಲ್ಲ ಹೆಗಡೇರೆ” ಎಂದ. “ಹೊನ್ನನೇ ದೊಡ್ಡವ. ಅದನ್ನ ಹೇಳೂಕೇ ಬಂದೆ.”

ಹೆಗಡೆಯವರು ಕನ್ನಡಕ ಹಾಕಿಕೊಂಡು ನೋಡಿದರು.

“ಸುಬ್ಬಿ ಹೋಗಿ ವರ್ಷ ಆತು. ಶಿರಸಿ ಆಸ್ಪತ್ರೇಲಿ. ನರ್ಸಮ್ಮ ಹೊರಗೆ ಬಂದು ಹೇಳ್ತು. ನಂಗೆ ಅಳೂಕೂ ಆಗ್ಲಿಲ್ಲ, ಕೂಗೂಕೂ ಆಗ್ಲಿಲ್ಲ. ಅಂಗಿ ಗುಂಡಿ ತಿರುಪ್ತಾ ನಿಂತ್ಕಂಡೆ. ಮಗ ದರ್ಶನ ಬಂದು, ಅಪ್ಪಾ ಅಪ್ಪಾ ಅಂತ ಅಲ್ಲಾಡ್ಸೂ ಹೊತ್ತಿಗೆ ಗುಂಡಿ ಕಿತ್ತು ಕೈಗೆ ಬಂದಿತ್ತು.” ಕೆರಿಯಪ್ಪ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. “ಆಗ ಹೊನ್ನ ನೆನಪಾದ. ಅವನ ರಾಣಿ ನೆನಪಾತು. ಹೆಂಡ್ತಿ ಸತ್ತ ಹೊತ್ತಲ್ಲಿ ವೇಷದವನನ್ನ ನೆನೆಸ್ಕಂಡೆ ಅಂತ ಯಾರ ಹತ್ರ ಹೇಳ್ಲಿ ನಾನು? ನಿಮ್ಮನ್ನ ಬಿಟ್ರೆ ಯಾರಿದಾರೆ?”

“ಸುಬ್ಬಿ ಹೋದ್ಲಾ?” ಎಂದರು ಹೆಗಡೆಯವರು. ಅವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. “ಆಟಕ್ಕೆ ಬಂದ್ರೆ ನಮ್ಮಿಬ್ರ ನಡುವೆ ಬಂದು ಕೂರ್ತಿದ್ಲು, ಹೊಡೆದಾಡ್ಕಂಡೀರಿ ಅಂತ.”

ಒಳಗೆ ಸಂಹಿತಾ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಕೆರಿಯಪ್ಪ ನೆಲ ನೋಡುತ್ತ ಹೇಳಿದ. “ಅವತ್ತು ಆ ಮಾತು ಅಂದೆನಲ್ಲ. ಹೊನ್ನ ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ. ದೇವ್ರಾಣೆ ಗೊತ್ತಿರ್ಲಿಲ್ಲ ಹೆಗಡೇರೆ. ತಪ್ಪಾತು.”

“ಗೊತ್ತಿರ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು” ಎಂದರು ಹೆಗಡೆಯವರು. “ಸುದ್ದಿ ಹೇಳಿ ಅತ್ತುಬಿಡೂಣ ಅಂತ್ಲೇ ನಿನ್ನ ಅಂಗಡಿಗೆ ಬಂದಿದ್ದೆ. ಮನೇಲಿ ಅಳೂ ಹಾಗಿರ್ಲಿಲ್ಲ, ವೇಷದವ ಸತ್ತಿದ್ದಕ್ಕೆ ಯಾರಾದ್ರೂ ಅಳ್ತಾರಾ ಅಂತಿದ್ರು. ಮಾರನೇ ದಿನ ಪೇಪರ್ ನೋಡಿ ನೀ ಓಡಿ ಬರ್ತೆ ಅಂದ್ಕಂಡೆ. ಕೌಂಟರಿನಲ್ಲಿ ಕೂತು ಬಾಗಿಲು ನೋಡಿದೆ. ರಿಟೈರ್ ಆಗೋ ದಿನದವರೆಗೂ ನೋಡಿದೆ ಕೆರಿಯಾ. ಇವತ್ತು ನೀ ಬಂದಾಗ, ಇನ್ನು ಇವನ ಹತ್ರ ಎಂತ ವಾದ, ಎಲ್ಲದಕ್ಕೂ ಹೌದು ಅಂದು ಕಳಿಸಿಬಿಡೂಣ ಅಂತಿದ್ದೆ. ಅಷ್ಟು ದಿನ ಎಂತ ಮಾಡ್ತಿದ್ದೆ ನೀನು, ಅಷ್ಟು ಹತ್ರದಲ್ಲಿ?”

ಕೆರಿಯಪ್ಪನಿಗೆ ಸುಳ್ಳು ಹೇಳಲು ಬರಲಿಲ್ಲ.

“ಹೊಲೀತಿದ್ದೆ” ಎಂದ. “ಐದೂ ಹತ್ತಾದ್ರೆ ಮಿಷನ್ ನಿಲ್ಸಿ ರಸ್ತೆ ನೋಡ್ತಿದ್ದೆ.”

ಯಲ್ಲಾಪುರದ ಕಡೆಯ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಸಂಹಿತಾ ಬಂದು ಹೇಳಿದಳು. ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.